ಎಲ್ಲಿ ಬಿಟ್ಟಿದ್ದೆ?

ತಿಂಗಳ 11ನೇ ತಾರೀಖು, ಬೆಳಿಗ್ಗೆ ಒಂಬತ್ತೂಕಾಲು. ಸ್ಲೀಪ್‌ನಲ್ಲಿದ್ದ ಕಂಪ್ಯೂಟರನ್ನು ಎಬ್ಬಿಸಿ ಕಾಫಿ ತರಲು ಹೋದೆ. ಬರುವಷ್ಟರಲ್ಲಿ ಪರದೆಯ ಮೇಲೆ ಚುಕ್ಕೆಗಳು ಉಂಗುರ ಕಟ್ಟಿಕೊಂಡು ಸುತ್ತುತ್ತಿದ್ದವು. ಅಪ್‌ಡೇಟ್ ನಡೆಯುತ್ತಿದೆ, ಶೇಕಡಾ 27, ಆಫ್ ಮಾಡಬೇಡಿ. ಕಾಫಿ ಮುಗಿಯಿತು, 27 ಅಲ್ಲಾಡಲಿಲ್ಲ. ಆಮೇಲೆ ಅದು ಹೇಗೋ 100 ಮುಟ್ಟಿ, ಒಮ್ಮೆ ಸತ್ತು ಹುಟ್ಟಿ, ಮತ್ತೆ 30ರಿಂದ ಶುರು ಹಚ್ಚಿಕೊಂಡು, ಕಣ್ಣು ಬಿಟ್ಟಾಗ ಹತ್ತಕ್ಕೆ ಹತ್ತು ನಿಮಿಷ. ಹಿಂದಿನ ಸಂಜೆ ತೆರೆದಿಟ್ಟು ಹೋಗಿದ್ದ ಏಳೆಂಟು ವಿಂಡೋಗಳಲ್ಲಿ ಒಂದೂ ಉಳಿದಿರಲಿಲ್ಲ. ಗುಡಿಸಿ ಸಾರಿಸಿದ ಅಂಗಳದ ಹಾಗೆ ಪರದೆ ಖಾಲಿ.

ಅಂಗಳವಾಗಿದ್ದರೆ ಖುಷಿಯಾಗುತ್ತಿತ್ತು. ಇಲ್ಲಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ಯಾವ ಶೀಟಿನ ಎಷ್ಟನೇ ಸಾಲಿನಲ್ಲಿ ನಿಂತಿದ್ದೆ, ಯಾರ ಮೇಲ್‌ಗೆ ಅರ್ಧ ಉತ್ತರ ಬರೆದಿದ್ದೆ, ಯಾವ ಬಿಲ್ಲನ್ನು ಇನ್ನೊಮ್ಮೆ ನೋಡಬೇಕೆಂದು ಹಾಗೇ ತೆರೆದಿಟ್ಟಿದ್ದೆ, ಎಲ್ಲವೂ ಆ ವಿಂಡೋಗಳ ಸಾಲಿನಲ್ಲೇ ಇತ್ತು. ಫೈಲುಗಳೇನೋ ಸೇವ್ ಆಗಿದ್ದವು, ಒಂದಕ್ಷರ ಕಳೆದಿರಲಿಲ್ಲ. ಕಳೆದದ್ದು ‘ಎಲ್ಲಿ ಬಿಟ್ಟಿದ್ದೆ’ ಅನ್ನುವುದು ಮಾತ್ರ.

ಐಟಿ ಹುಡುಗನಿಗೆ ಫೋನ್ ಮಾಡಿದೆ. "ಏನಪ್ಪಾ ಇದು, ಹನ್ನೊಂದನೇ ತಾರೀಖೇ ಸಿಕ್ತಾ ನಿಮಗೆ?"

"ರಾತ್ರಿನೇ ಹಾಕಿದ್ದು ಮೇಡಂ. ನಿಮ್ದು ಸ್ಲೀಪಲ್ಲಿತ್ತು. ಎದ್ದ ತಕ್ಷಣ ತಗೊಂಡಿದೆ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಂಪ್ಯೂಟರಿನ ಕಡೆಯಿಂದ ನೋಡಿದರೆ ಎಲ್ಲ ಸರಿಯಾಗಿಯೇ ನಡೆದಿತ್ತು.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಹತ್ತೊಂಬತ್ತು ವರ್ಷವಾಯಿತು. ನಮ್ಮಂಥವರಿಗೆ ತಿಂಗಳು ಅಂದರೆ ವಾರಗಳಲ್ಲ, ಗಡುವುಗಳು. 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ, ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನ್ ಹೋಗಬೇಕು, 15ಕ್ಕೆ ಕಾರ್ಮಿಕರ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಯದೇ ಇನ್ನೊಂದು ರಿಟರ್ನ್ 3ಬಿ. ಇದರ ನಡುವೆ ಸಂಬಳ, ಸಪ್ಲೈಯರ್‌ಗಳ ಫೋನು, ಆಡಿಟರ್ ಕೇಳಿದ ಯಾವುದೋ ಹಳೆಯ ವೋಚರು. ನಮ್ಮತ್ತೆಯವರ ಏಕಾದಶಿ ಬೇರೆ, ನನ್ನ ಏಕಾದಶಿ ಬೇರೆ. ನನ್ನದರಲ್ಲೂ ಎಷ್ಟೋ ಸಲ ಮಧ್ಯಾಹ್ನದ ಊಟ ತಪ್ಪುತ್ತದೆ.

ಕಂಪ್ಯೂಟರ್ ದೊಡ್ಡದಾಗಿ ಕೈಕೊಟ್ಟದ್ದು ಇಷ್ಟು ವರ್ಷಗಳಲ್ಲಿ ಎರಡೇ ಸಲ. ದೊಡ್ಡದಾಗಿ ಕೆಟ್ಟರೆ ಜನ ಓಡಿ ಬರುತ್ತಾರೆ, ಎಂಡಿಯವರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕಾಲಿಗೆ ಚುಚ್ಚಿದ ಮುಳ್ಳಿಗೆ ಯಾರು ಬರುತ್ತಾರೆ? ನನ್ನ ದಿನವನ್ನು ತಿನ್ನುವುದು ಈ ಮುಳ್ಳುಗಳೇ.

ಒಂದನ್ನು ಹೇಳುತ್ತೇನೆ. ಕಾರ್ಖಾನೆಯ ನೋಟಿಸ್‌ಗಳನ್ನು ಕನ್ನಡದಲ್ಲಿ ಟೈಪ್ ಮಾಡುವ ಕೆಲಸವೂ ನನ್ನ ತಲೆಗೇ ಬಂದಿದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ನನಗೆ ನಿದ್ದೆಯಲ್ಲೂ ಬರುತ್ತದೆ. ‘ಶನಿವಾರ ಎರಡನೇ ಪಾಳಿ ಇರುವುದಿಲ್ಲ’ ಎಂದು ಹೊಡೆದು ಮುಗಿಸಿ, ನೇರ ಬ್ಯಾಂಕಿನ ಪುಟಕ್ಕೆ ಹೋಗಿ ಪಾಸ್‌ವರ್ಡ್ ಹಾಕುತ್ತೇನೆ. ಚುಕ್ಕೆ, ಚುಕ್ಕೆ, ಚುಕ್ಕೆ. ತಪ್ಪು. ನಿಧಾನವಾಗಿ ಇನ್ನೊಮ್ಮೆ ಒತ್ತುತ್ತೇನೆ. ತಪ್ಪು. ಮೂರನೇ ಸಲಕ್ಕೆ ಖಾತೆಗೆ ಬೀಗ. ಆಗ ಕಣ್ಣು ಕೆಳಗಿನ ಮೂಲೆಗೆ ಹೋಗುತ್ತದೆ: ಸಾಸಿವೆಯಷ್ಟು ಚಿಕ್ಕದಾಗಿ, ಭಾಷೆ ಇನ್ನೂ ಕನ್ನಡದಲ್ಲೇ ಇದೆ ಎಂಬ ಗುರುತು. ನಾನು ಹೊಡೆದದ್ದು ಯಾವ ಒತ್ತಕ್ಷರಗಳ ಹಿಂಡೋ, ಆ ಚುಕ್ಕೆಗಳ ಹಿಂದಿದ್ದ ದೇವರೇ ಬಲ್ಲ. ತಪ್ಪು ಕಾಣಿಸಲೇಬಾರದು ಎಂದು ಹಠ ಹಿಡಿದ ಒಂದೇ ಒಂದು ಚೌಕದಲ್ಲಿ, ನಾನು ಯಾವ ಭಾಷೆಯಲ್ಲಿದ್ದೇನೆಂಬುದನ್ನೂ ಬಚ್ಚಿಟ್ಟಿರುತ್ತಾರೆ.

ಇದಕ್ಕೆ ಕಂಪ್ಯೂಟರ್ ವಿನ್ಯಾಸದವರು ‘ಮೋಡ್’ ಎನ್ನುತ್ತಾರೆ. ಕೀಲಿ ಅದೇ, ಬೆರಳು ಅದೇ, ಆದರೆ ಯಂತ್ರ ಯಾವ ಲಹರಿಯಲ್ಲಿದೆ ಎಂಬುದರ ಮೇಲೆ ಅರ್ಥ ಬೇರೆ. ಅಮೆರಿಕದ ಲ್ಯಾರಿ ಟೆಸ್ಲರ್ ಎಂಬಾತ ಇದರ ವಿರುದ್ಧ ಜೀವಮಾನವೆಲ್ಲ ಹೋರಾಡಿದ. 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ಇವತ್ತು ನಾವು ದಿನಕ್ಕೆ ನೂರು ಸಲ ಮಾಡುವ ಕಟ್, ಕಾಪಿ, ಪೇಸ್ಟ್‌ಗೆ ರೂಪ ಕೊಟ್ಟವರಲ್ಲಿ ಅವನೂ ಒಬ್ಬ. ಅವನ ಕಾರಿನ ನಂಬರ್ ಪ್ಲೇಟಿನ ಮೇಲೆ ‘ನೋ ಮೋಡ್ಸ್’ ಎಂದು ಬರೆಸಿದ್ದನಂತೆ. 2020ರ ಫೆಬ್ರವರಿಯಲ್ಲಿ ತೀರಿಕೊಂಡ. ಕ್ಯಾಪ್ಸ್ ಲಾಕ್ ಇನ್ನೂ ಇದೆ.

ಪಾಸ್‌ವರ್ಡ್ ವಿಷಯ ಎತ್ತಿದ್ದಕ್ಕೆ ಇನ್ನೊಂದು ಮಾತು. ನಮ್ಮಲ್ಲಿ 90 ದಿನಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಇರಬೇಕು. ಈ ಬಗೆಯ ಸಲಹೆಯನ್ನು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬರೆದುಕೊಟ್ಟ ಬಿಲ್ ಬರ್, 2017ರಲ್ಲಿ ಅದರ ಬಗ್ಗೆ ಪಶ್ಚಾತ್ತಾಪವಾಗಿದೆ ಎಂದು ಹೇಳಿಕೊಂಡ. ಅದೇ ವರ್ಷ ಅದೇ ಸಂಸ್ಥೆ, ಸುಮ್ಮಸುಮ್ಮನೆ ಇಷ್ಟು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಲು ಬಲವಂತ ಮಾಡಬೇಡಿ ಎಂದು ನಿಯಮವನ್ನೇ ತಿದ್ದಿತು. ಈ ಸುದ್ದಿಯನ್ನು ಐಟಿ ಹುಡುಗನಿಗೆ ತೋರಿಸಿದೆ. "ಪಾಲಿಸಿ ಮೇಡಂ" ಅಂದ. ಹಾಗಾಗಿ ನನ್ನ ಪಾಸ್‌ವರ್ಡಿನ ಕೊನೆಯ ಅಂಕಿ ಈಗ 31ಕ್ಕೆ ಬಂದು ನಿಂತಿದೆ.

ಇವೆಲ್ಲ ಚುಚ್ಚಿ ಹೋಗುವ ಮುಳ್ಳು. ಒಂದು ಸಲ ಮಾತ್ರ ಕೀವಾಯಿತು.

2024ರ ಏಪ್ರಿಲ್ ತಿಂಗಳ ಬಿಲ್ಲುಗಳು. ಆಗಷ್ಟೇ ನನಗೆ ಹೊಸ ಕಂಪ್ಯೂಟರ್ ಕೊಟ್ಟಿದ್ದರು. ಬಿಲ್ಲಿಂಗ್ ತಂತ್ರಾಂಶದಿಂದ ಮಾರಾಟದ ಪಟ್ಟಿಯನ್ನು ಇಳಿಸಿ, ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು, ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲ ಸಾಲಿನಲ್ಲಿ ಜನವರಿ 4ರ ಬಿಲ್ಲು. ಜನವರಿಯದು ಇಲ್ಲೇಕೆ ಬಂತು? ಅದರ ಕೆಳಗೆ ಫೆಬ್ರವರಿ 4, ಮಾರ್ಚ್ 4. ಇನ್ನೂ ಕೆಳಗೆ ಮೇ 4, ಜೂನ್ 4, ಹೀಗೆ ಡಿಸೆಂಬರ್ 4ರವರೆಗೆ. ಡಿಸೆಂಬರ್ ಇನ್ನೂ ಹುಟ್ಟಿಯೇ ಇರಲಿಲ್ಲ! ಮೊದಲು ಅನುಮಾನ ಬಂದದ್ದು ಬಿಲ್ಲಿಂಗ್‌ನವರ ಮೇಲೆ. ಹೋಗಿ ಜಗಳವಾಡಿ ಬಂದೆ. ಅವರ ಪರದೆಯಲ್ಲಿ ಎಲ್ಲ ಸರಿಯಿತ್ತು.

ಗುಟ್ಟು ಗೊತ್ತಾದದ್ದು ಸಂಜೆ ಆರಕ್ಕೆ, ಕಣ್ಣು ಕಿರಿದು ಮಾಡಿ ದೂರದಿಂದ ನೋಡಿದಾಗ. ಒಂದೇ ಕಾಲಮ್ಮಿನಲ್ಲಿ ಕೆಲವು ತಾರೀಖುಗಳು ಬಲಗೋಡೆಗೆ ಒರಗಿದ್ದವು, ಕೆಲವು ಎಡಗೋಡೆಗೆ. ಎಡಕ್ಕಿದ್ದವೆಲ್ಲ 13ರಿಂದ ಈಚಿನವು. ಹೊಸ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗಿನಲ್ಲಿ ಬಂದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/04 ಎಂಬ ನಮ್ಮ ಏಪ್ರಿಲ್ ಮೂರನ್ನು ಅದು ಮಾರ್ಚ್ ನಾಲ್ಕು ಎಂದು ಓದಿತು. 13/04 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಇದು ತಾರೀಖೇ ಅಲ್ಲ, ಬರೀ ಅಕ್ಷರ ಎಂದು ಎಡಕ್ಕೆ ತಳ್ಳಿತು. ಅಂಕಿಯೆಂದು ಒಪ್ಪಿಕೊಂಡದ್ದು ಬಲಕ್ಕೆ, ಅಕ್ಷರವೆಂದು ಕೈಬಿಟ್ಟದ್ದು ಎಡಕ್ಕೆ. ತಿಂಗಳ ಮೊದಲ ಹನ್ನೆರಡು ದಿನದ ಬಿಲ್ಲುಗಳು ವರ್ಷದ ಹನ್ನೆರಡು ತಿಂಗಳಿಗೆ ಹಂಚಿಹೋಗಿದ್ದವು. ಏಪ್ರಿಲ್ 4 ಮಾತ್ರ ಬಚಾವ್.

ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ನಮ್ಮ ಆರ್ಥಿಕ ವರ್ಷ ಶುರುವಾಗುವುದೇ ಏಪ್ರಿಲ್ ಒಂದಕ್ಕೆ. ಮೊದಲ ಮೂರು ದಿನದ ಬಿಲ್ಲುಗಳು ಹಿಂದಿನ ವರ್ಷಕ್ಕೆ ಜಾರಿದ್ದವು, ಮುಗಿದ ಪುಸ್ತಕದೊಳಕ್ಕೆ. ನಾನು ತಾರೀಖಿನ ಪ್ರಕಾರ ಜೋಡಿಸದೇ ಇದ್ದಿದ್ದರೆ ಹಾಗೇ ಹೋಗಿಬಿಡುತ್ತಿತ್ತು. ಕಂಪ್ಯೂಟರ್ ಒಂದು ಮಾತು ಕೇಳಲಿಲ್ಲ, ಒಂದು ಕೆಂಪು ಗೆರೆ ಎಳೆಯಲಿಲ್ಲ. ಫೈಲ್ ಮುಚ್ಚುವಾಗ ‘ಸೇವ್ ಮಾಡಲೇ?’ ಎಂದು ಮೂರು ಸಲ ಕೇಳುವ ಯಂತ್ರ, ಒಂದು ವರ್ಷವನ್ನೇ ಬದಲಾಯಿಸುವಾಗ ಬಾಯಿ ಬಿಡುವುದಿಲ್ಲ. ಅದರ ಒಳಗೆ ತಾರೀಖು ಎಂಬುದೇ ಇಲ್ಲ, ಇರುವುದು ದಿನಗಳ ಎಣಿಕೆ. 1900ರ ಜನವರಿ 1 ಎಂದರೆ ಒಂದು, ಅಲ್ಲಿಂದ ಅದರ ಲೆಕ್ಕದಲ್ಲಿ 2024ರ ಏಪ್ರಿಲ್ 3ಕ್ಕೆ 45385. ಅದು 45355 ಆದರೆ ಯಂತ್ರಕ್ಕೇನು, ಅದೂ ಒಂದು ಅಂಕಿ.

ನನಗೊಬ್ಬಳಿಗೇ ಹೀಗಾಗಿದ್ದಲ್ಲ ಎಂದು ಆಮೇಲೆ ಓದಿ ಸಮಾಧಾನಪಟ್ಟುಕೊಂಡೆ. ಮನುಷ್ಯರ ಕೆಲವು ವಂಶವಾಹಿಗಳಿಗೆ ವಿಜ್ಞಾನಿಗಳು ಮಾರ್ಚ್-1, ಸೆಪ್ಟ್-1 ಎಂದು ಓದಿಸಿಕೊಳ್ಳುವ ಸಂಕ್ಷಿಪ್ತ ಹೆಸರು ಇಟ್ಟಿದ್ದರು. ಎಕ್ಸೆಲ್ ಅವನ್ನೆಲ್ಲ ತಾರೀಖು ಮಾಡಿಬಿಡುತ್ತಿತ್ತು. ವರ್ಷಗಟ್ಟಲೆ ಪ್ರಬಂಧಗಳಲ್ಲಿ ಈ ತಪ್ಪು ಸೇರುತ್ತಾ ಹೋಗಿ, ಕೊನೆಗೆ 2020ರಲ್ಲಿ ಹೆಸರಿಡುವ ಸಮಿತಿಯವರು ವಂಶವಾಹಿಗಳ ಹೆಸರನ್ನೇ ಬದಲಾಯಿಸಿದರು. ಟೋಪಿಗೆ ತಕ್ಕಂತೆ ತಲೆ ಕೆತ್ತಿಸಿಕೊಂಡ ಹಾಗೆ.

ನಾನು ಮಾಡಿದ್ದು ಎರಡು ಕೆಲಸ. ಸೆಟ್ಟಿಂಗಿನಲ್ಲಿ ಪ್ರದೇಶವನ್ನು ಭಾರತಕ್ಕೆ ತಿರುಗಿಸಿದೆ. ಮತ್ತೆ ಫೈಲಿನ ಹೆಸರಿನಲ್ಲಿ ತಾರೀಖು ಬರೆಯುವುದಿದ್ದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಬರೆಯತೊಡಗಿದೆ: 2024-04-03. ಇದನ್ನು ಯಾವ ದೇಶದ ಕಂಪ್ಯೂಟರೂ ಉಲ್ಟಾ ಓದುವುದಿಲ್ಲ, ಹೆಸರಿನ ಪ್ರಕಾರ ಜೋಡಿಸಿದರೆ ಕಾಲದ ಪ್ರಕಾರವೂ ಜೋಡಣೆಯಾಗುತ್ತದೆ. ನಮ್ಮ ವಿಭಾಗದ ಹೊಸ ಹುಡುಗಿಯರಿಗೆ ಮೊದಲು ಕಲಿಸುವ ಪಾಠ ಇದು. ಎರಡನೆಯದು, ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ಬರುತ್ತದೆ ಎಂಬುದು. 2018ರಿಂದಲೂ ಅದು ಕೀಲಿಮಣೆಯಲ್ಲಿ ಕೂತಿತ್ತು. ಮೊದಲ ಸಲ ಒತ್ತಿದಾಗ ಆನ್ ಮಾಡಿಕೊಳ್ಳಬೇಕು ಅಷ್ಟೇ. ನನಗೆ ಗೊತ್ತಾದದ್ದು ಹೋದ ವರ್ಷ, ಮಗಳಿಂದ. ಇಷ್ಟು ವರ್ಷ ಎರಡು ಫೈಲುಗಳ ನಡುವೆ ಒಂದೊಂದೇ ಜಿಎಸ್‌ಟಿ ನಂಬರ್ ಹೊತ್ತುಕೊಂಡು ಓಡಾಡಿದ್ದು ನೆನೆಸಿಕೊಂಡರೆ ಅಳು ಬರುತ್ತದೆ.

ಹಾಗಂತ ಎಲ್ಲ ತಂತ್ರಾಂಶವನ್ನೂ ಬೈಯುವವಳು ನಾನಲ್ಲ. ಲೆಕ್ಕ ಬರೆಯುವ ಟ್ಯಾಲಿಯ ಮುಂದೆ ಕೂತರೆ ನನಗೆ ಅಡುಗೆಮನೆಯಲ್ಲಿ ನಿಂತ ಹಾಗಿರುತ್ತದೆ. ನಮ್ಮ ಬೆಂಗಳೂರಿನದೇ ಸರಕು ಎಂಬ ಅಭಿಮಾನ ಒಂದು ಕಡೆ ಇರಲಿ. ಎಫ್ 5 ಪೇಮೆಂಟ್, ಎಫ್ 6 ರಿಸೀಟ್, ಎಫ್ 7 ಜರ್ನಲ್, ಎಫ್ 8 ಸೇಲ್ಸ್, ಎಫ್ 9 ಪರ್ಚೇಸ್. ನಾನು ಕಲಿತಾಗಲೂ ಇವೇ, ಈಗಲೂ ಇವೇ. ಸಾಸಿವೆ ಡಬ್ಬಿಗೆ ಕೈ ಹೋಗುವಾಗ ಕಣ್ಣು ಬೇಕಿಲ್ಲವಲ್ಲ, ಹಾಗೆ. ಮೌಸ್ ಮುಟ್ಟದೆ ಮಧ್ಯಾಹ್ನದೊಳಗೆ ಇನ್ನೂರು ಎಂಟ್ರಿ ಹೊಡೆಯುತ್ತೇನೆ, ಪಕ್ಕದವರ ಮಗನ ಮದುವೆ ಮಾತುಕತೆಯನ್ನೂ ಕೇಳಿಸಿಕೊಳ್ಳುತ್ತೇನೆ. ಹೊಸ ತಂತ್ರಾಂಶ ಮಾಡುವವರು ಚಂದ ಕಾಣಿಸಲೆಂದು ಆರು ತಿಂಗಳಿಗೊಮ್ಮೆ ಬಟನ್ನುಗಳ ಜಾಗ ಬದಲಿಸುತ್ತಾರೆ. ಒಂದು ದಿನ ಅವರ ಮನೆಗೆ ಹೋಗಿ ಸಾಸಿವೆ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟು ಬರಬೇಕು ಅನ್ನಿಸುತ್ತದೆ.

ಇನ್ನು ಕೆಲಸಗಳ ಪಟ್ಟಿಯ ಕಥೆ.

ಮೊದಲು ಮಾನಿಟರಿನ ಸುತ್ತ ಹಳದಿ ಚೀಟಿ ಅಂಟಿಸಿಕೊಳ್ಳುತ್ತಿದ್ದೆ. ಮದುವಣಗಿತ್ತಿಯ ಬಾಸಿಂಗದ ಹಾಗಿತ್ತು. ಫ್ಯಾನ್ ಹಾಕಿದರೆ ಟಿಡಿಎಸ್ ಹಾರಿಹೋಗುತ್ತಿತ್ತು. ಆಮೇಲೆ ನನಗೆ ನಾನೇ ಮೇಲ್ ಕಳಿಸಿಕೊಳ್ಳುವ ಕಾಲ. ಆಮೇಲೆ ವಾಟ್ಸ್‌ಆ್ಯಪ್: ನಾನು ಮತ್ತು ನಮ್ಮ ಯಜಮಾನರು ಇಬ್ಬರೇ ಇರುವ ಗುಂಪು ಮಾಡಿ, ಅವರನ್ನು ಅದರಿಂದ ತೆಗೆದುಹಾಕಿದೆ. "ನನ್ನನ್ನ ಯಾಕೆ ತೆಗೆದೆ?" ಎಂದು ಅವರು ಎರಡು ದಿನ ಕೇಳಿದರು. ನಮಗೆ ನಾವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ 2022ರ ಕೊನೆಯಲ್ಲಿ ಅದರಲ್ಲೇ ಬಂತು, ಮನೆಯಲ್ಲಿ ಶಾಂತಿ ನೆಲೆಸಿತು. ಆದರೆ ಟಿಡಿಎಸ್ ಮತ್ತು ಹಾಲಿನ ಲೆಕ್ಕ ಒಂದರ ಮೇಲೊಂದು ಬಿದ್ದು ಯಾವುದೂ ಸಿಗದ ಹಾಗಾಯಿತು.

ಆ್ಯಪ್‌ಗಳನ್ನೂ ನೋಡಿದೆ. ಬಣ್ಣ, ಬಾವುಟ, ಟ್ಯಾಗು, ಉಪಕೆಲಸ. ಒಂದರಲ್ಲಿ ಕೆಲಸ ಮುಗಿಸಿ ಗುರುತು ಹಾಕಿದರೆ ಪಟಾಕಿ ಹಾರುತ್ತಿತ್ತು. ಒಂದು ಕೆಲಸ ಸೇರಿಸಲು ಅದಕ್ಕೆ ಎಷ್ಟು ಆದ್ಯತೆ, ಯಾವ ಯೋಜನೆ, ಯಾವಾಗ ನೆನಪಿಸಲಿ ಎಂದೆಲ್ಲ ಉತ್ತರ ಕೊಡಬೇಕು. ಫೋನ್ ಕಿವಿಗೆ ಒತ್ತಿಕೊಂಡು ಸಪ್ಲೈಯರ್ ಹತ್ತಿರ ಬೈಸಿಕೊಳ್ಳುತ್ತಿರುವಾಗ ಇಷ್ಟು ವಿಚಾರಣೆ ಯಾರಿಗೆ ಬೇಕು? ಮೂರು ತಿಂಗಳಲ್ಲಿ ಅಲ್ಲಿ 140 ಕೆಲಸ ‘ಗಡುವು ಮೀರಿದೆ’ ಎಂದು ಕೆಂಪಗೆ ನಿಂತಿದ್ದವು. ಅದರಲ್ಲಿ ನೂರಕ್ಕೂ ಹೆಚ್ಚು ಯಾವಾಗಲೋ ಮುಗಿದಿದ್ದವು. ಕೆಲಸ ಮುಗಿಸಿದ್ದೆ, ಪಟಾಕಿ ಹಾರಿಸಲು ಮರೆತಿದ್ದೆ.

ಒಂದು ಸಂಗತಿ ಅರ್ಥವಾಗಲು ಇಷ್ಟೆಲ್ಲ ಬೇಕಾಯಿತು. ಏನು ಮಾಡಬೇಕು ಎಂಬುದು ನನಗೆ ಮರೆಯುವುದೇ ಇಲ್ಲ. 11ನೇ ತಾರೀಖು ರಿಟರ್ನ್ ಹಾಕಬೇಕು ಎಂದು ಯಾವ ಆ್ಯಪ್ ನೆನಪಿಸಬೇಕು? ಮರೆಯುವುದು ಅದರ ಮಧ್ಯದಲ್ಲಿ ಎಲ್ಲಿದ್ದೆ ಎಂಬುದು. ಶೀಟ್ ನೋಡುತ್ತಿರುತ್ತೇನೆ, ಪೋರ್ಟಲ್ ಒಂದಕ್ಕೆ ಲಾಗಿನ್ ಆಗಬೇಕಾಗುತ್ತದೆ, ಅದರ ಒಟಿಪಿ ಎಂಡಿಯವರ ಮೊಬೈಲಿಗೆ ಹೋಗುತ್ತದೆ, ಅವರು ಮೀಟಿಂಗಿನಲ್ಲಿರುತ್ತಾರೆ. ಗಾಜಿನ ಆಚೆಯಿಂದ ಕೈಸನ್ನೆ ಮಾಡಿ ಆರು ಅಂಕಿ ಇಸಿದುಕೊಂಡು ಓಡಿ ಬಂದರೆ ‘ನಿಮ್ಮ ಅವಧಿ ಮುಗಿದಿದೆ’. ಮತ್ತೆ ಹೋಗಿ ಬರುವಷ್ಟರಲ್ಲಿ ಮೊದಲು ಏನು ನೋಡಲು ಹೊರಟಿದ್ದೆ ಎಂಬುದು ಎಲ್ಲೋ ಕಾರಿಡಾರಿನಲ್ಲಿ ಬಿದ್ದುಹೋಗಿರುತ್ತದೆ.

1927ರಲ್ಲಿ ಬರ್ಲಿನ್ನಿನಲ್ಲಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿರುತ್ತದೆ ಎಂದು ಪ್ರಕಟಿಸಿದಳು. ಹೋಟೆಲಿನ ಮಾಣಿಗಳಿಗೆ ಬಿಲ್ ಕೊಡುವವರೆಗೆ ಆರ್ಡರೆಲ್ಲ ಬಾಯಿಗೇ ಬರುತ್ತದೆ, ದುಡ್ಡು ಕೊಟ್ಟ ಮೇಲೆ ಅಳಿಸಿಹೋಗುತ್ತದೆ ಎಂಬ ಗಮನಿಕೆಯಿಂದ ಇದು ಹುಟ್ಟಿತಂತೆ. ಆಮೇಲಿನವರ ಪ್ರಯೋಗಗಳಲ್ಲೆಲ್ಲ ಇದು ಹಾಗೇ ಸಾಬೀತಾಗಿಲ್ಲ, ಅದು ಬೇರೆ ಮಾತು. ನಮ್ಮ ಗಾಂಧಿಬಜಾರಿನ ಹೋಟೆಲುಗಳಲ್ಲಿ ‘ಎರಡು ಖಾಲಿ, ಒಂದು ಮಸಾಲೆ, ನಾಲ್ಕು ಕಾಫಿ, ಒಂದಕ್ಕೆ ಸಕ್ಕರೆ ಕಮ್ಮಿ’ ಎಂದು ಕೂಗಿಕೊಂಡು ಹೋಗುವವರನ್ನು ನೋಡಿದವರಿಗೆ ಆ ಗಮನಿಕೆ ಹೊಸದೇನಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಇನ್ನೊಂದು. 2011ರಲ್ಲಿ ಮಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಇಬ್ಬರು ತೋರಿಸಿದ್ದು: ಅರ್ಧಕ್ಕೆ ನಿಂತ ಕೆಲಸ ತಲೆಯನ್ನು ಕುಟುಕುವುದನ್ನು ನಿಲ್ಲಿಸಲು ಅದನ್ನು ಮುಗಿಸಲೇಬೇಕೆಂದಿಲ್ಲ, ಮುಂದೆ ಹೇಗೆ ಮಾಡುವುದು ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಸಾಕು.

ಈಗ ನನ್ನ ಹತ್ತಿರ ಇರುವುದು ಒಂದು ಉದ್ದನೆಯ ನೋಟ್‌ಬುಕ್ಕು, ಕೆಂಪು ಬೈಂಡಿನದು, ಸ್ಟೇಷನರಿ ಅಂಗಡಿಯಲ್ಲಿ ರಿಜಿಸ್ಟರ್ ಕೊಡಿ ಅಂದರೆ ಕೊಡುತ್ತಾರಲ್ಲ, ಅದು. ಅದರಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಇಲ್ಲ. ಕುರ್ಚಿಯಿಂದ ಏಳುವ ಮೊದಲು, ಫೋನ್ ಎತ್ತುವ ಮೊದಲು ಒಂದು ಸಾಲು ಬರೆಯುತ್ತೇನೆ: ಎಲ್ಲಿ ಬಿಟ್ಟೆ, ಮುಂದಿನ ಹೆಜ್ಜೆ ಏನು. ‘ಬ್ಯಾಂಕ್ ತಾಳೆ, 18ರವರೆಗೆ ಆಯ್ತು. 4,720 ಯಾರದ್ದು? ಪೆಟ್ಟಿ ಕ್ಯಾಶ್ ನೋಡು.’ ‘ರಿಟರ್ನ್‌ಗೆ ಶೀಟ್ ಸಿದ್ಧ, ಕ್ರೆಡಿಟ್ ನೋಟ್ ಎರಡು ಬಾಕಿ.’ ‘ಬ್ಯಾಂಕ್ ತಾಳೆ ಮಾಡು’ ಎಂದು ಬರೆದರೆ ಅದು ಬೆಳಿಗ್ಗೆ ನನ್ನನ್ನು ಗುರಾಯಿಸುತ್ತದೆ. ‘ಪೆಟ್ಟಿ ಕ್ಯಾಶ್ ನೋಡು’ ಎಂದಿದ್ದರೆ ಕೈ ತಾನಾಗಿ ಆ ಡಬ್ಬಿಗೆ ಹೋಗುತ್ತದೆ.

ಅಜ್ಜನ ಮನೆಯ ಅಟ್ಟದಲ್ಲಿ ಒಂದು ಕಡತವಿತ್ತು. ಈಗ ನಾವು ಕಂಪ್ಯೂಟರಿನ ಫೈಲಿಗೂ ಕಡತ ಎನ್ನುತ್ತೇವೆ, ಆದರೆ ನಿಜವಾದ ಕಡತ ಬಟ್ಟೆಯದು. ಹುಣಸೆಬೀಜದ ಸರಿಯಲ್ಲಿ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ನಮ್ಮ ಅಜ್ಜನ ಕಾಲಕ್ಕೇ ಅದು ಹಳೆಯದಾಗಿತ್ತು. ಅವರಿಗೂ ಓದಲು ಬರುತ್ತಿರಲಿಲ್ಲ. ನಾವು ಮಕ್ಕಳು ಅದನ್ನು ಹಾರ್ಮೋನಿಯಂ ಹಾಗೆ ಎಳೆದು ಬಿಟ್ಟು ಆಡಿ ಬೈಸಿಕೊಳ್ಳುತ್ತಿದ್ದೆವು. ಎಷ್ಟು ಉದ್ದ ಎಳೆದರೂ ಬರೆದ ಸಾಲು ಬರೆದ ಮಡಿಕೆಯಲ್ಲೇ ಇರುತ್ತಿತ್ತು ಎಂಬುದು ಈಗ ನೆನಪಾಗುತ್ತದೆ. ಇದನ್ನು ಹೇಳಿದರೆ ಮಗಳು, "ಅಮ್ಮಾ, ಕಡತದಲ್ಲಿ ಸರ್ಚ್ ಮಾಡಕ್ಕಾಗತ್ತಾ?" ಎನ್ನುತ್ತಾಳೆ. ಆಗುವುದಿಲ್ಲ. ನನ್ನ ರಿಜಿಸ್ಟರಿನಲ್ಲೂ ಆಗುವುದಿಲ್ಲ. ಹೋದ ವರ್ಷದ ಆಗಸ್ಟ್‌ನಲ್ಲಿ ಏನು ಬರೆದಿದ್ದೆ ಎಂದು ಹುಡುಕಲು ಹೋಗಿ ಒಂದು ಗಂಟೆ ಕಳೆದದ್ದೂ ಇದೆ.

ಆ 11ನೇ ತಾರೀಖು ಹತ್ತಕ್ಕೆ ಹತ್ತು ನಿಮಿಷಕ್ಕೆ ಖಾಲಿ ಪರದೆಯ ಮುಂದೆ ಕೂತು ರಿಜಿಸ್ಟರ್ ತೆರೆದೆ. ಹಿಂದಿನ ಸಂಜೆ ಕ್ಯಾಬ್ ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಗ ಬರೆದ ಸಾಲು ಅಲ್ಲಿತ್ತು: ‘ಮಾರಾಟ ಶೀಟ್, 214ನೇ ಸಾಲು. ಮೊತ್ತ ಹೊಂದುತ್ತಿಲ್ಲ. ಮೊದಲು’. ಆಮೇಲೆ ಒಂದು ಪದ, ಆಮೇಲೆ ‘ನವರಿಗೆ ಫೋನ್’. ಆ ಪದ ಪ್ಲೇಟಿಂಗ್ ಇರಬಹುದು, ಪ್ಯಾಕಿಂಗೂ ಇರಬಹುದು. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ, ಪಕ್ಕದ ಟೇಬಲಿನ ಹುಡುಗಿಗೂ ತೋರಿಸಿದೆ. "ಪೇಂಟಿಂಗ್ ಅಲ್ವಾ ಮೇಡಂ?" ಅಂದಳು. ಮೂವರಿಗೂ ಫೋನ್ ಮಾಡಿದೆ.